ಪಕ್ಕ ನಿಲ್ಲುವವರಿಗೆ ಚಾಕು

ಆಗಸ್ಟಿನ ಮೊದಲ ಭಾನುವಾರ ಡೀನ್ ಸೊಲ್ಬರ್ಗ್ ಚಾಕುವಿನ ಮಾತೆತ್ತಿದಾಗ ಮನೆಯವರೆಲ್ಲ ಊಟಕ್ಕೆ ಕುಳಿತಿದ್ದರು. ಎಲ್ಲರ ತಟ್ಟೆಯೂ ಅವರವರ ಮುಂದಿತ್ತು. ಡೀನ್‌ನ ಅಣ್ಣ ಗ್ಯಾರೆಟ್‌ನ ತಟ್ಟೆ ಮಾತ್ರ ಅಮ್ಮನ ಮುಂದಿತ್ತು. ನೊರೀನ್ ಅವನ ಪಾಲಿನ ಜಿಂಕೆ ಮಾಂಸವನ್ನು ಸಣ್ಣ ಸಣ್ಣ ತುಂಡು ಮಾಡುತ್ತಿದ್ದಳು. ತುಂಡು ಮಾಡಿ, ಮೇಲೆ ಗಟ್ಟಿ ಸಾರು ಸುರಿದು, ಫೋರ್ಕನ್ನು ಎಡಗಡೆಗಿಟ್ಟು ತಟ್ಟೆಯನ್ನು ಮಗನತ್ತ ಸರಿಸುವುದು ಅವಳಿಗೆ ರೂಢಿಯಾಗಿಹೋಗಿತ್ತು. ಮರ ಕೊಯ್ಯುವ ಮಿಲ್ಲಿನಲ್ಲಿ ಸರಪಳಿಗೆ ಸಿಕ್ಕಿ ಗ್ಯಾರೆಟ್‌ನ ಬಲಗೈ ಮಣಿಕಟ್ಟಿನವರೆಗೆ ಹೋಗಿ ಹದಿನಾಲ್ಕು ತಿಂಗಳಾಗಿತ್ತು.

"ಮದುವೇಲಿ ನನ್ನ ಪಕ್ಕ ನಿಲ್ಲೋ ಮೂವರಿಗೆ ಏನು ಕೊಡೋದು ಅಂತ ಕೊನೆಗೂ ತೀರ್ಮಾನ ಆಯ್ತು," ಎಂದ ಡೀನ್. "ಚಾಕು. ಮಡಚೋದಲ್ಲ. ಒರೇಲಿ ಇಡೋ ಗಟ್ಟಿ ಚಾಕು. ಅವರ ಮಕ್ಕಳ ಕಾಲಕ್ಕೂ ಇರ್ಬೇಕು, ಅಂಥದ್ದು."

ನೊರೀನ್‌ಳ ಕೈ ಅಲ್ಲೇ ನಿಂತಿತು. ಡೀನ್‌ನ ಅಪ್ಪ ಆರ್ಲೋ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ.

"ಎಲ್ಲಿಗೆ?" ಎಂದಳು ನೊರೀನ್.

"ಕೋಳಿಗೆ ನೀರಿಟ್ಟಿಲ್ಲ."

"ಊಟದ ಮಧ್ಯದಲ್ಲಿ ಕೋಳಿ ನೆನಪಾಯ್ತಾ?"

ಅವನು ಆಗಲೇ ಹಿತ್ತಲ ಬಾಗಿಲು ದಾಟಿದ್ದ. ನೊರೀನ್ ಚಿಕ್ಕ ಮಗನತ್ತ ತಿರುಗಿದಳು. "ಪಕ್ಕ ನಿಲ್ಲೋರಲ್ಲಿ ನಿನ್ನ ಅಣ್ಣನೂ ಒಬ್ಬ ಅಂತ ಜ್ಞಾಪಕ ಇದೆಯೋ ಇಲ್ವೋ? ಲೋಕದಲ್ಲಿ ನಿನಗೆ ಬೇರೆ ಸಾಮಾನೇ ಸಿಗ್ಲಿಲ್ವಾ? ಎಲ್ಲರೂ ಕೊಡೋ ಹಾಗೆ ಕೈಗಡಿಯಾರ ಕೊಡು."

"ಗಡಿಯಾರದ ಪಟ್ಟಿ ಬಿಗಿಯೋಕೆ ಇನ್ನೊಂದು ಕೈ ಬೇಕಮ್ಮ," ಎಂದ ಗ್ಯಾರೆಟ್. "ಅದನ್ನೂ ಡಬ್ಬೀಲಿ ಇಟ್ಟು ಕೊಡ್ತಾನಾ?"

ಮೇಜಿನ ತುದಿಯಲ್ಲಿದ್ದ ಸಿಗ್ನಿ ಅಜ್ಜಿ ಕಿಸಕ್ಕನೆ ನಕ್ಕಳು. ಅವಳು ಆರ್ಲೋನ ತಾಯಿ, ಎಂಬತ್ತಾರು ವರ್ಷದವಳು. ಕಿವಿ ಮಂದ, ಆದರೆ ಇಂಥ ಮಾತು ಒಂದೂ ತಪ್ಪುತ್ತಿರಲಿಲ್ಲ. ನೊರೀನ್ ನಗಲಿಲ್ಲ. ತಟ್ಟೆಯನ್ನು ಸರಿಸಿ, ತಣ್ಣಗಾಗಿದ್ದ ತನ್ನ ಆಲೂಗೆಡ್ಡೆಗೆ ಉಪ್ಪು ಹಾಕಿಕೊಂಡಳು.

ಮದುವೆ ಅಕ್ಟೋಬರಿನ ಎರಡನೆಯ ಶನಿವಾರ. ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆ ಶುರುವಾಗಲು ಅಲ್ಲಿಂದ ಎರಡು ವಾರ. ಮೊಂಟಾನಾದ ಈ ಕಣಿವೆಯಲ್ಲಿ ಬೇಟೆ ಶುರುವಾದ ಮೇಲೆ ಮದುವೆಯಿಟ್ಟುಕೊಂಡರೆ ಚರ್ಚಿನಲ್ಲಿ ಹೆಂಗಸರಷ್ಟೇ ಇರುತ್ತಾರೆ. ಮದುಮಗನ ಪಕ್ಕ ನಿಲ್ಲುವ ಗಂಡಸರಿಗೆ ಅವನು ಉಡುಗೊರೆ ಕೊಡುವುದು ಅಲ್ಲಿನ ವಾಡಿಕೆ. ಡೀನ್‌ನ ಪಕ್ಕ ನಿಲ್ಲಬೇಕಾದವರು ಗ್ಯಾರೆಟ್, ಬಾಲ್ಯದ ಗೆಳೆಯ ಟಲ್ಲಿ, ಮತ್ತು ಮದುಮಗಳು ಮಾರ್ಲಾಳ ತಮ್ಮ ನೆಲ್ಸ್. ಮೂವರೂ ನಡೆಯಲು ಕಲಿತಾಗಿನಿಂದ ಕಾಡು ತಿರುಗಿದವರು. ಅಂಥವರಿಗೆ ಒಳ್ಳೆಯ ಚಾಕುವಿಗಿಂತ ಹೆಚ್ಚಿನದು ಏನಿದೆ ಎಂದು ಡೀನ್ ಯೋಚಿಸಿದ್ದ. ಅಣ್ಣನ ಕೈಯ ವಿಚಾರ ಅವನಿಗೆ ಮರೆತಿರಲಿಲ್ಲ. ಅದನ್ನು ಯಾರೂ ಎತ್ತದಿದ್ದರೆ ಹೇಗೋ ದಾಟಿಹೋಗುತ್ತದೆ ಎಂದುಕೊಂಡಿದ್ದ, ಅಷ್ಟೆ. ಆ ಮನೆಯಲ್ಲಿ ಎಲ್ಲರೂ ಹಾಗೆಯೇ ಅಂದುಕೊಂಡು ದಿನ ತಳ್ಳುತ್ತಿದ್ದರು.

ಮುಂದಿನ ಶುಕ್ರವಾರ ಅವನು ರಸ್ತೆ ರಿಪೇರಿ ಕೆಲಸದಿಂದ ಬರುವಾಗ ಒಂದು ಚಾಕು ತಂದ. ಕಪ್ಪು ಬಣ್ಣ, ಬೆರಳಿನಷ್ಟು ದಪ್ಪ ಬೆನ್ನು, ಬೆನ್ನಿನ ಮೇಲೆ ಗರಗಸದ ಹಲ್ಲು. ಅಜ್ಜಿ ಅಡುಗೆಮನೆ ಮೇಜಿನ ಮೇಲೆ ಆಲೂಗೆಡ್ಡೆ ಸುಲಿಯುತ್ತಿದ್ದಳು. ಚಾಕುವನ್ನು ಕೈಗೆ ತೆಗೆದುಕೊಂಡು ತೂಗಿ ನೋಡಿದಳು.

"ಇದೇನೋ ಇದು? ಕರಡಿ ಜೊತೆ ಕುಸ್ತಿಗೆ ಹೋಗೋಕಾ?"

"ಗಟ್ಟಿ ಇರ್ಲಿ ಅಂತ ಅಜ್ಜಿ. ಇದರಲ್ಲಿ ಕಬ್ಬಿಣದ ಬಾಗಿಲು ಬೇಕಾದ್ರೂ ಮೀಟಬಹುದಂತೆ."

"ನಿನ್ನ ಸ್ನೇಹಿತರು ಯಾರ ಮನೆ ಬಾಗಿಲು ಮೀಟೋಕೆ ಹೊರಟಿದ್ದಾರೆ?" ಎನ್ನುತ್ತ ಅವಳು ಒಂದು ಆಲೂಗೆಡ್ಡೆಯ ಮೇಲೆ ಅಲಗು ಒತ್ತಿದಳು. ಅಲಗು ಅರ್ಧ ಇಳಿಯುವಷ್ಟರಲ್ಲಿ ಗೆಡ್ಡೆ ಟಪ್ಪೆಂದು ಎರಡು ಹೋಳಾಗಿ, ಒಂದು ಹೋಳು ನೆಲಕ್ಕೆ ಉರುಳಿತು. "ನೋಡು. ಕೊಯ್ಯಲಿಲ್ಲ, ಸಿಗಿದು ಹಾಕ್ತು. ದಪ್ಪ ಇದ್ದ ಮಾತ್ರಕ್ಕೆ ಬಾಳಿಕೆ ಬರುತ್ತೇನೋ? ಅಲಗು ತೆಳ್ಳಗಿರ್ಬೇಕು. ಒಂದೇ ಉಕ್ಕು ಹಿಡಿಯೊಳಗೆ ಕೊನೆವರೆಗೂ ಹಾದಿರ್ಬೇಕು. ಹಿಡಿಗೆ ನೆತ್ತರು, ಕೊಬ್ಬು ಮೆತ್ತಿದ್ರೂ ಜಾರಬಾರದು. ನಿನ್ನ ಅಂಗೈಗಿಂತ ಉದ್ದ ಬೇಡ. ಮೂವತ್ತು ವರ್ಷ ಬೇಟೆಯವರು ತಂದುಹಾಕಿದ್ದನ್ನೆಲ್ಲ ಆ ಶೆಡ್ಡಲ್ಲಿ ನಿಂತು ಕೊಯ್ದಿದೀನಿ. ನನ್ನ ಚಾಕು ಒಂದೂ ಮುರೀಲಿಲ್ಲ. ಸವೆದು ಸವೆದು ಪೆನ್ಸಿಲ್ ಥರ ಆದ್ವು."

ಕಿಟಕಿಯ ಬಳಿ ಕುಳಿತಿದ್ದ ಗ್ಯಾರೆಟ್ ಎಡಗೈ ಚಾಚಿದ. "ಕೊಡಿಲ್ಲಿ, ನೋಡೋಣ."

"ಗ್ಯಾರೆಟ್, ಹುಷಾರು!" ಎಂದಳು ಪಾತ್ರೆ ತೊಳೆಯುತ್ತಿದ್ದ ನೊರೀನ್.

ಚಾಚಿದ ಕೈ ಹಾಗೇ ಹಿಂದಕ್ಕೆ ಹೋಯಿತು. ಗ್ಯಾರೆಟ್ ಎದ್ದು ಅಂಗಳಕ್ಕೆ ಹೋದ. ಅವನು ಮೂವತ್ತೊಂದು ವರ್ಷದ ಗಂಡಸು. ಆಸ್ಪತ್ರೆಯವರು ಕೊಟ್ಟ ಕೃತಕ ಕೈ ಅವನ ಕೋಣೆಯ ಅಲಮಾರಿಯಲ್ಲಿತ್ತು. ಹಾಕಿಕೊಂಡರೆ ತೋಳು ಉಜ್ಜಿ ಹುಣ್ಣಾಗುತ್ತದೆ ಎಂದು ಅವನು ಅದನ್ನು ಮುಟ್ಟುತ್ತಿರಲಿಲ್ಲ. ಮೊದಲು ಬಾಡಿಗೆಗಿದ್ದ ಮನೆ ಬಿಟ್ಟು ಅಪ್ಪನ ಮನೆಗೆ ಬಂದವನು ಬೆಳಿಗ್ಗೆ ಕೋಳಿಗೂಡು ತೆಗೆಯುತ್ತಿದ್ದ, ಅಜ್ಜಿಯನ್ನು ಡಾಕ್ಟರ ಬಳಿ ಕರೆದೊಯ್ಯುತ್ತಿದ್ದ, ಉಳಿದ ಹೊತ್ತು ಕಿಟಕಿಯ ಬಳಿ ಇರುತ್ತಿದ್ದ.

ಮರುದಿನ ನೊರೀನ್ ಡೀನ್‌ನನ್ನು ಬಟ್ಟೆ ಒಣಹಾಕಲು ಕರೆದಳು. ಎರಡು ಹಾಸಿಗೆ ಹೊದಿಕೆಗಳ ನಡುವೆ ನಿಂತು, ಮನೆಯತ್ತ ಒಮ್ಮೆ ನೋಡಿ ತಗ್ಗಿದ ದನಿಯಲ್ಲಿ ಮಾತಾಡಿದಳು.

"ವಸಂತದಲ್ಲಿ ಏನಾಯ್ತು ನಿನಗೆ ಗೊತ್ತಿಲ್ಲ. ನಿನ್ನ ಅಣ್ಣ ಬಚ್ಚಲಲ್ಲಿ ತುಟಿಯಿಂದ ನೆತ್ತರು ಸುರಿಸ್ಕೊಂಡು ನಿಂತಿದ್ದ. ಅವನ ಹಳೇ ಮಡಚೋ ಚಾಕೂನ ಹಲ್ಲಲ್ಲಿ ಕಚ್ಚಿ ಬಿಡಿಸೋಕೆ ಹೋಗಿದಾನೆ. ನಾನು ಅದನ್ನ ತಗೊಂಡು ಹೊಲಿಗೆ ಡಬ್ಬೀಲಿ ಇಟ್ಟೆ. ಅವನು ಕೇಳ್ಲಿಲ್ಲ, ನಾನು ಕೊಡ್ಲಿಲ್ಲ."

"ನನಗೆ ಯಾಕಮ್ಮ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಬೆಳಿಗ್ಗೆ ಐದಕ್ಕೆ ಎದ್ದು ಶಾಲೆ ಅಡುಗೆಮನೇಲಿ ಮುನ್ನೂರು ಮಕ್ಕಳಿಗೆ ಬೇಯಿಸ್ತೀನಿ. ಬಂದು ಇಲ್ಲಿ ಬೇಯಿಸ್ತೀನಿ. ನಿಮ್ಮಪ್ಪ ಬಾಯಿ ಬಿಡಲ್ಲ. ನಿನ್ನ ಅಣ್ಣನ ಮುಂದೆ ಎಲ್ಲರ ಎದುರಿಗೆ ಚಾಕು ಹಿಡಿದು, ತಗೋ ಅಂತ ಹಲ್ಲು ಕಿಸೀತೀಯಾ? ನನ್ನ ಕೈಲಿ ನೋಡೋಕಾಗಲ್ಲ ಡೀನ್. ಅವರಿಬ್ಬರಿಗೆ ಏನಾದ್ರೂ ಕೊಡು. ಅವನಿಗೆ ಬೇರೆ ಏನಾದ್ರೂ ಕೊಡು."

ಅವಳ ಕಣ್ಣ ಕೆಳಗಿನ ಕಪ್ಪು ಬಿಸಿಲಿನಲ್ಲಿ ಎದ್ದು ಕಾಣುತ್ತಿತ್ತು. ಡೀನ್ ಆಗಲಿ ಎಂದ.

ಅವನು ಕಪ್ಪು ಚಾಕುವನ್ನು ವಾಪಸು ಕೊಟ್ಟು, ಅಜ್ಜಿ ಹೇಳಿದ್ದನ್ನೇ ನೆನಪಿಟ್ಟುಕೊಂಡು ಹ್ಯಾಟಿ ಎಂಬ ಮುದುಕಿಯ ಹಾರ್ಡ್‌ವೇರ್ ಅಂಗಡಿಗೆ ಹೋದ. ಗಾಜಿನ ಪೆಟ್ಟಿಗೆಯಿಂದ ಒಂದೊಂದನ್ನೇ ತೆಗೆಸಿ ನೋಡಿ, ಆಕ್ರೋಡು ಮರದ ಹಿಡಿಯ, ತೊಗಲಿನ ಒರೆಯ ಎರಡು ತೆಳು ಚಾಕುಗಳನ್ನು ಕೊಂಡ. ಅಣ್ಣನಿಗೆ ಮದ್ಯ ತುಂಬಿಟ್ಟುಕೊಳ್ಳುವ, ಸೊಂಟದ ಜೇಬಿಗೆ ಹೋಗುವಂಥ ಸ್ಟೀಲಿನ ಚಪ್ಪಟೆ ಬಾಟಲಿ ಕೊಂಡ. ಮೂರನ್ನೂ ಹೆಸರು ಕೆತ್ತಲು ಪಕ್ಕದ ಊರಿಗೆ ಕಳಿಸಿದ. ಚಾಕು ಕೊಟ್ಟರೆ ಸ್ನೇಹ ಕಡಿದುಹೋಗುತ್ತದೆ ಎಂದು ಹ್ಯಾಟಿ ಒಂದು ಮಾತು ಹೇಳಿದ್ದಕ್ಕೆ ನಕ್ಕು ಬಂದಿದ್ದ.

ಸೆಪ್ಟೆಂಬರಿನ ಎರಡನೆಯ ವಾರ ಹೆಸರು ಕೆತ್ತುವವನು ಮನೆಗೆ ಫೋನ್ ಮಾಡಿದ. ಅಡುಗೆಮನೆಯ ಗೋಡೆಯ ಫೋನನ್ನು ಎತ್ತಿಕೊಂಡವನು ಗ್ಯಾರೆಟ್.

"ಸೊಲ್ಬರ್ಗ್ ಅವರ ಮನೆಯಾ? ಗ್ಯಾರೆಟ್ ಅನ್ನೋದಕ್ಕೆ ಕೊನೇಲಿ ಟಿ ಒಂದೋ ಎರಡೋ ಸ್ವಾಮಿ? ಚೀಟೀಲಿ ಅಳಿಸಿಹೋಗಿದೆ."

"ಎರಡು. ಕೈ ಒಂದಾದ್ರೂ ಟಿ ಎರಡೇ," ಎಂದ ಗ್ಯಾರೆಟ್. "ಚಾಕು ಮೇಲೆ ಕೆತ್ತೋದಲ್ವಾ?"

"ಅಲ್ಲ ಅಲ್ಲ. ಚಾಕು ಎರಡೂ ಮುಗೀತು, ಟಲ್ಲಿ ಮತ್ತೆ ನೆಲ್ಸ್. ಇದು ಬಾಟ್ಲಿ."

ಆ ಸಂಜೆ ಡೀನ್ ಬಂದಾಗ ಗ್ಯಾರೆಟ್ ಹಿತ್ತಲಲ್ಲಿ ಚಳಿಗಾಲದ ಸೌದೆ ಒಟ್ಟುತ್ತಿದ್ದ. ಒಂದೊಂದೇ ಸೀಳನ್ನು ಎಡಗೈಯಲ್ಲಿ ಎತ್ತಿ, ಬಲದ ಮೊಂಡು ತೋಳಿನಿಂದ ಒತ್ತಿ ಜೋಡಿಸುತ್ತಿದ್ದ. ಡೀನ್ ಕೈಗವಸು ಹಾಕಿಕೊಂಡು ಪಕ್ಕ ನಿಂತ.

"ನಿನ್ನ ಬಾಟ್ಲಿಯವನು ಫೋನ್ ಮಾಡಿದ್ದ," ಎಂದ ಗ್ಯಾರೆಟ್.

ಡೀನ್ ಬಗ್ಗಿ ಒಂದು ಸೀಳು ಎತ್ತಿಕೊಂಡ.

"ಅವರಿಬ್ಬರಿಗೆ ಚಾಕು, ನನಗೆ ಬಾಟ್ಲಿ. ಅವರು ಕಾಡಿಗೆ ಹೋಗ್ತಾರೆ, ನೀನು ಕುಡ್ಕೊಂಡು ಮನೇಲಿ ಬಿದ್ಕೊಂಡಿರು ಅಂತ ತಾನೇ?"

"ಹಾಗಲ್ಲ ಕಣೋ. ಅಮ್ಮ ಹೇಳಿದ್ಲು..."

"ಮದುವೆ ನಿಂದಾ ಅಮ್ಮಂದಾ?"

"ನಿನಗೆ ಬೇಜಾರಾಗಬಾರದು ಅಂತ."

"ಈಗ ಖುಷಿಯಾಗಿದೆ ನೋಡು!" ಗ್ಯಾರೆಟ್ ಕೈಲಿದ್ದ ಸೀಳನ್ನು ಬೇಲಿಯತ್ತ ಎಸೆದ. "ಪಕ್ಕ ನಿಲ್ಲೋಕೆ ಬೇರೆ ಯಾರನ್ನಾದ್ರೂ ನೋಡ್ಕೊ. ನಾನು ನಿಲ್ಲಲ್ಲ."

"ಒಂದು ಬಾಟ್ಲಿಗೋಸ್ಕರ?"

"ಬಾಟ್ಲಿಗೋಸ್ಕರ ಅಂತ ಇನ್ನೂ ಅಂದ್ಕೊಂಡಿದೀಯಲ್ಲ, ಅದಕ್ಕೋಸ್ಕರ."

ಊಟದ ಹೊತ್ತಿಗೆ ಮನೆಗೆಲ್ಲ ವಿಷಯ ಗೊತ್ತಾಗಿತ್ತು. ಬೀನ್ಸ್ ಕಾಳು ಮತ್ತು ಹಂದಿಮಾಂಸದ ಸೂಪಿತ್ತು, ಜೊತೆಗೆ ಮೆಕ್ಕೆಜೋಳದ ಬ್ರೆಡ್ಡು. ನೊರೀನ್ ಗ್ಯಾರೆಟ್‌ನ ಬ್ರೆಡ್ಡಿಗೆ ಬೆಣ್ಣೆ ಹಚ್ಚಲು ಹೋದಳು. ಅವನು ಅದನ್ನು ತನ್ನತ್ತ ಎಳೆದುಕೊಂಡ.

"ಹದಿನಾಲ್ಕು, ಹದಿನೈದು ತಿಂಗಳಾಯ್ತು," ಎಂದ. "ಈ ಮನೇಲಿ ನನ್ನ ತಟ್ಟೆ ಪಕ್ಕ ಯಾರೂ ಒಂದು ಚಾಕು ಇಟ್ಟಿಲ್ಲ. ಬೆಣ್ಣೆ ಚಾಕೂನೂ ಇಟ್ಟಿಲ್ಲ."

"ನಾನು ಪ್ರೀತಿಯಿಂದ ಮಾಡಿದ್ದಕ್ಕೆ ಇದಾ ಮಾತು?" ಎಂದಳು ನೊರೀನ್.

"ಪ್ರೀತಿ ಅಲ್ಲ ಅಂದ್ನಾ? ಸಾಕು ಅಂದೆ."

"ಸರಿ. ಸಾಕು." ಅವಳು ಕರವಸ್ತ್ರವನ್ನು ಮೇಜಿನ ಮೇಲಿಟ್ಟು ಎದ್ದಳು. "ನನಗೂ ಸಾಕಾಗಿದೆ. ಯಾರಿಗೆ ಏನು ಬೇಕೋ ಅವರೇ ಹಾಕ್ಕೊಳ್ಳಿ."

"ಡೀನ್, ಅಮ್ಮನ್ನ ಕರಿ," ಎಂದ ಆರ್ಲೋ.

"ನೀನೇ ಕರಿಯೋ," ಎಂದಳು ಅಜ್ಜಿ. "ನಿನ್ನ ಹೆಂಡತಿ ಅವಳು. ಬಾಯಿ ಇದೆಯಲ್ಲ?"

ಆರ್ಲೋ ಕರೆಯಲಿಲ್ಲ. ಅಲ್ಲಿಂದ ಮೂರು ದಿನ ಆ ಮನೆಯವರು ಒಟ್ಟಿಗೆ ಕೂತು ಉಣ್ಣಲಿಲ್ಲ. ನೊರೀನ್ ಶಾಲೆಯಿಂದ ಬಂದು ಒಂದು ಪಾತ್ರೆ ಒಲೆಯ ಮೇಲಿಟ್ಟು ಕೋಣೆಗೆ ಹೋಗುತ್ತಿದ್ದಳು. ಆರ್ಲೋ ನಿಂತೇ ಉಂಡು ಗ್ಯಾರೇಜಿಗೆ ಹೋಗುತ್ತಿದ್ದ. ಗ್ಯಾರೆಟ್ ಮಾಂಸದ ದೊಡ್ಡ ತುಂಡನ್ನು ಫೋರ್ಕಿಗೆ ಚುಚ್ಚಿ ಕಚ್ಚಿ ತಿನ್ನುತ್ತಿದ್ದ, ಅಂಗಿಯ ಮೇಲೆಲ್ಲ ಸಾರು ಚೆಲ್ಲಿಕೊಳ್ಳುತ್ತಿದ್ದ. ಅಜ್ಜಿ ಒಬ್ಬಳೇ ಮೇಜಿನ ಬಳಿ ಕೂತು, ಬಂದುಹೋಗುವವರನ್ನೆಲ್ಲ ಬೈಯುತ್ತಿದ್ದಳು.

ನಾಲ್ಕನೆಯ ದಿನ ಮಾರ್ಲಾ ಬಂದಳು. ಆಮಂತ್ರಣ ಪತ್ರಗಳಿಗೆ ವಿಳಾಸ ಬರೆಯಬೇಕಿತ್ತು. ಅವಳು ಪಶುವೈದ್ಯರ ಬಳಿ ಕೆಲಸಕ್ಕಿದ್ದ ಹುಡುಗಿ, ಕಾಲು ಮುರಿದ ದನಗಳನ್ನು ನೋಡಿ ನೋಡಿ ಮಾತಿನಲ್ಲಿ ಸುತ್ತುಬಳಸು ಇಲ್ಲದವಳು. ಡೀನ್ ಎಲ್ಲವನ್ನೂ ಹೇಳುವತನಕ ಬರೆಯುತ್ತಲೇ ಇದ್ದಳು.

"ನೀನು ಅವನನ್ನ ಕೇಳಿದ್ಯಾ?"

"ಏನಂತ?"

"ಏನು ಬೇಕು ಅಂತ."

"ಹೇಗೆ ಕೇಳೋದು? ನೊಂದ್ಕೊಳ್ತಾನೆ."

"ನಿಮ್ಮ ಮನೆಯವರೆಲ್ಲ ಸೇರಿ ಅವನ ಸುತ್ತ ಕಾಲ್ತುದೀಲಿ ಓಡಾಡಿ ಓಡಾಡಿ ಸುಸ್ತಾಗಿದೀರಿ," ಎಂದಳು ಮಾರ್ಲಾ. "ಅವನೂ ಸುಸ್ತಾಗಿದಾನೆ. ಯಾರಿಗೂ ನಿದ್ದೆ ಬಂದ ಮುಖ ಇಲ್ಲ. ಹೋಗು, ಕೇಳು. ಲಕೋಟೆ ನಾನು ಅಂಟಿಸ್ತೀನಿ."

ಗ್ಯಾರೆಟ್ ಕೋಳಿಗೂಡಿನ ಬಾಗಿಲ ತಿರುಗುಣಿಗೆ ಎಣ್ಣೆ ಬಿಡುತ್ತಿದ್ದ. ಡೀನ್ ಹತ್ತಿರ ಹೋಗಿ, ತಪ್ಪಾಯ್ತು ಎಂದ. ಗ್ಯಾರೆಟ್ ತಲೆ ಎತ್ತಲಿಲ್ಲ.

"ನಿನಗೆ ಏನು ಬೇಕು?" ಎಂದ ಡೀನ್. "ನಿಜವಾಗ್ಲೂ ಕೇಳ್ತಿದೀನಿ."

ಗ್ಯಾರೆಟ್ ಎಣ್ಣೆಯ ಡಬ್ಬಿ ಕೆಳಗಿಟ್ಟ. "ನನ್ನ ಹಳೇ ಚಾಕು ಬಿಡಿಸೋಕೆ ಎರಡು ಕೈ ಬೇಕು. ಅದಕ್ಕೇ ಬಿಟ್ಟೆ. ನೀನು ಆವತ್ತು ಮೇಜಿನ ಹತ್ರ ಮಡಚೋದಲ್ಲ, ಒರೇಲಿ ಇಡೋದು ಅಂದಾಗ, ಇವನಿಗೆ ತಿಳೀತು, ನನಗೋಸ್ಕರವೇ ಅದನ್ನ ಆರಿಸಿದಾನೆ ಅಂದ್ಕೊಂಡೆ. ಒಂದು ತಿಂಗಳು ಹಾಗೇ ಅಂದ್ಕೊಂಡಿದ್ದೆ."

ಡೀನ್‌ಗೆ ಆ ಯೋಚನೆಯೇ ಬಂದಿರಲಿಲ್ಲ. ಹೌದು ಎಂದು ಸುಳ್ಳು ಹೇಳಬಹುದಾಗಿತ್ತು. "ಇಲ್ಲ," ಎಂದ. "ನನಗೆ ಹೊಳೀಲಿಲ್ಲ."

"ಗೊತ್ತು. ಬಾಟ್ಲಿಯವನ ಫೋನ್ ಬಂದಾಗ ಗೊತ್ತಾಯ್ತು."

"ನಡಿ, ಹ್ಯಾಟಿ ಅಂಗಡಿ ಆರಕ್ಕೆ ಮುಚ್ಚುತ್ತೆ."

ಹ್ಯಾಟಿ ಗಾಜಿನ ಪೆಟ್ಟಿಗೆಯ ಬೀಗ ತೆಗೆದು, ಗ್ಯಾರೆಟ್‌ನ ಖಾಲಿ ತೋಳನ್ನು ಒಮ್ಮೆ ನೇರವಾಗಿ ನೋಡಿ, "ಎಡಗೈ ಅಲ್ವಾ?" ಎಂದಳು. ಮೊದಲಿಗೆ ಡೀನ್ ಕೊಂಡಂಥದ್ದನ್ನೇ ಕೊಟ್ಟಳು. ಅದರ ಹಿಡಿ ಎರಡು ಕೈಗೂ ಸಮನಾಗಿತ್ತು. ಆದರೆ ತೊಗಲಿನ ಒರೆಗೆ ಗುಂಡಿ ಹಾಕಿದ ಪಟ್ಟಿಯಿತ್ತು. ಗುಂಡಿ ಬಿಚ್ಚಿ ಎಳೆದರೆ ಚಾಕುವಿನ ಜೊತೆ ಒರೆಯೂ ಮೇಲೆ ಬರುತ್ತಿತ್ತು. ಅದನ್ನು ಹಿಡಿದುಕೊಳ್ಳಲು ಇನ್ನೊಂದು ಕೈ ಬೇಕು.

"ಇದಲ್ಲ," ಎಂದ ಗ್ಯಾರೆಟ್.

ಇನ್ನೊಂದರ ಒರೆ ಸಡಿಲ, ಬಗ್ಗಿದರೆ ಬೀಳುವಂತಿತ್ತು. ಮತ್ತೊಂದರ ಹಿಡಿಗೆ ಬಲಗೈ ಬೆರಳುಗಳಿಗೆಂದೇ ಕುಳಿ ತೋಡಿದ್ದರು. ಕೊನೆಗೆ ಹ್ಯಾಟಿ ಪೆಟ್ಟಿಗೆಯ ಕೆಳಗಿನಿಂದ ಒಂದನ್ನು ತೆಗೆದಳು. ಗಟ್ಟಿ ಪ್ಲಾಸ್ಟಿಕ್ಕಿನ ಒರೆ, ಕಿತ್ತಳೆ ಬಣ್ಣದ ಒರಟು ರಬ್ಬರಿನ ಹಿಡಿ. ಗ್ಯಾರೆಟ್ ಅದನ್ನು ಎಡ ಸೊಂಟದ ಬೆಲ್ಟಿಗೆ ಸಿಕ್ಕಿಸಿಕೊಂಡ. ಹಿಡಿ ಹಿಡಿದು ಹೆಬ್ಬೆರಳಿನಿಂದ ಒರೆಯ ಅಂಚನ್ನು ಒತ್ತಿದ. ಟಕ್ಕೆಂದು ಚಾಕು ಕೈಗೆ ಬಂತು. ನೋಡದೆ ವಾಪಸು ಇಡಲು ಹೋದಾಗ ತುದಿ ಎರಡು ಸಲ ಅಂಚಿಗೆ ತಾಗಿತು, ಮೂರನೆಯ ಸಲ ಒಳಗೆ ಹೋಯಿತು. ಅವನು ಮತ್ತೆ ತೆಗೆದ, ಮತ್ತೆ ಇಟ್ಟ. ಹ್ಯಾಟಿ ಅಂಗಡಿಯ ಅರ್ಧ ದೀಪ ಆರಿಸಿ ಬಂದರೂ ಅವನು ತೆಗೆಯುತ್ತ ಇಡುತ್ತ ಇದ್ದ.

"ಮದುವೆ ಉಡುಗೊರೆಗೆ ಈ ಬಣ್ಣ ಯಾರೂ ತಗೊಳ್ಳಲ್ಲಪ್ಪ," ಎಂದಳು ಹ್ಯಾಟಿ.

"ಹಿಮದಲ್ಲಿ ಬಿದ್ರೆ ಕಾಣುತ್ತೆ," ಎಂದ ಗ್ಯಾರೆಟ್.

"ಅವರಿಬ್ಬರದರ ಥರ ಇಲ್ವಲ್ಲೋ," ಎಂದ ಡೀನ್.

"ನಾನೂ ಅವರ ಥರ ಇಲ್ಲ. ಇದೇ ಇರ್ಲಿ. ಮದುವೆ ದಿನವೇ ಕೊಡು, ಈಗ ಬೇಡ."

ಚಾಕು ಆಯಿತು, ಅದನ್ನು ಮಸೆಯುವುದು ಹೇಗೆ ಎಂಬ ಪ್ರಶ್ನೆ ಎತ್ತಿದವಳು ಅಜ್ಜಿ. "ಸಾಣೆಕಲ್ಲು ಹಿಡ್ಕೊಳ್ಳೋಕೆ ಒಂದು ಕೈ, ಅಲಗು ಎಳೆಯೋಕೆ ಒಂದು ಕೈ. ಮಸೆಯೋಕೆ ಅಮ್ಮನ ಹತ್ರ ಕಳಿಸ್ತೀಯಾ?" ಎಂದು ಎಲ್ಲರ ಎದುರಿಗೆ ಕೇಳಿದಳು. ಆ ಹೊತ್ತಿಗೆ ಎಲ್ಲರೂ ಮತ್ತೆ ಒಟ್ಟಿಗೆ ಉಣ್ಣತೊಡಗಿದ್ದರು. ಗ್ಯಾರೆಟ್‌ನ ತಟ್ಟೆಯ ಪಕ್ಕ ನೊರೀನ್ ಒಂದು ಚಾಕು ಇಡುತ್ತಿದ್ದಳು, ಅವನು ಅದನ್ನು ಅಲುಗಾಡಿಸಿ ಅಲುಗಾಡಿಸಿ ಕತ್ತರಿಸುವಾಗ ತಾನು ಉಪ್ಪಿನ ಡಬ್ಬಿಯನ್ನು ನೋಡುತ್ತ ಕೂರುತ್ತಿದ್ದಳು.

ಮರುದಿನ ಮಧ್ಯಾಹ್ನ ಗ್ಯಾರೇಜಿನಿಂದ ಸುತ್ತಿಗೆಯ ಸದ್ದು ಬಂತು. ಗ್ಯಾರೆಟ್ ಹೋಗಿ ನೋಡಿದಾಗ ಆರ್ಲೋ ಕೆಲಸದ ಮೇಜಿನ ಮೇಲೆ ಸಾಣೆಕಲ್ಲಿಟ್ಟು, ಅದರ ನಾಲ್ಕು ಕಡೆಗೂ ಮರದ ಪಟ್ಟಿ ಹೊಡೆಯುತ್ತಿದ್ದ. ಕಲ್ಲು ಅಲುಗಬಾರದು, ಆದರೆ ಮಗುಚಿ ಹಾಕಲು ಬರಬೇಕು. ಅದಕ್ಕಾಗಿ ಒಂದು ಕಡೆ ತೆಗೆದು ಹಾಕುವ ಬೆಣೆ ಮಾಡಿದ್ದ.

"ನೋಡು, ಎತ್ತರ ಸರಿಹೋಗುತ್ತಾ?" ಎಂದ.

ಗ್ಯಾರೆಟ್ ಅಜ್ಜಿಯ ಅಡುಗೆ ಚಾಕು ತಂದು ಎಡಗೈಯಲ್ಲಿ ಎಳೆದು ನೋಡಿದ. ಕಲ್ಲು ಕದಲಲಿಲ್ಲ. "ಸ್ವಲ್ಪ ತಗ್ಗು."

ಆರ್ಲೋ ಕೆಳಗೊಂದು ಹಲಗೆ ಕೊಟ್ಟ. ಮೊಳೆ ಹೊಡೆಯುತ್ತ, ಮೊಳೆಯನ್ನೇ ನೋಡುತ್ತ ಹೇಳಿದ: "ಮಿಲ್ಲಲ್ಲಿ ಆವತ್ತಿನ ಪಾಳಿ ನಂದು."

ಗ್ಯಾರೆಟ್ ಅಲಗಿನ ಅಂಚನ್ನು ಉಗುರಿನ ಮೇಲೆ ಇಟ್ಟು ನೋಡುತ್ತಿದ್ದ.

"ಬೆನ್ನು ನೋವು ಅಂತ ನಿನಗೆ ಹೋಗು ಅಂದೆ. ನೀನು ಆಗಲೇ ಒಂದು ಪಾಳಿ ಮುಗಿಸಿ ನಿಂತಿದ್ದೆ. ಬೆನ್ನು ಅಷ್ಟೇನೂ ನೋಯ್ತಿರ್ಲಿಲ್ಲ ಕಣೋ. ಬೇಸಿಗೆ ಇತ್ತು, ಸುಸ್ತಾಗಿತ್ತು. ಅಷ್ಟೇ."

"ಗೊತ್ತು," ಎಂದ ಗ್ಯಾರೆಟ್.

"ಏನು ಗೊತ್ತು?"

"ಆ ಸಂಜೆ ನೀನು ಹೊಳೆ ಹತ್ರ ಮೀನು ಹಿಡೀತಿದ್ದೆ ಅಂತ ಟಲ್ಲಿ ಹೇಳಿದ್ದ. ಆಸ್ಪತ್ರೇಲೇ ಹೇಳಿದ್ದ."

ಆರ್ಲೋ ಸುತ್ತಿಗೆಯನ್ನು ಮೇಜಿನ ಮೇಲಿಟ್ಟ. "ಇಷ್ಟು ದಿನ ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ನೀನು ಎದ್ದು ಕೋಳಿಗೆ ನೀರಿಡೋಕೆ ಹೋಗ್ತಿದ್ದೆ." ಗ್ಯಾರೆಟ್ ಅಲಗನ್ನು ಕಲ್ಲಿನ ಮೇಲಿಟ್ಟ. "ಸಿಟ್ಟು ಇತ್ತು. ಇನ್ನೂ ಇದೆ. ಪ್ರತಿದಿನ ಇರಲ್ಲ. ಆ ಕಲ್ಲಿನ ಮೇಲೆ ಒಂದಿಷ್ಟು ನೀರು ಹಾಕು."

ಆರ್ಲೋ ನೀರು ತಂದು ಹಾಕಿದ. ಆಮೇಲೆ ಅಪ್ಪ ಮಗ ಇಬ್ಬರೂ ಮನೆಯ ಚಾಕುಗಳನ್ನೆಲ್ಲ ಒಂದೊಂದಾಗಿ ಮಸೆದರು. ಮಸೆದವನು ಗ್ಯಾರೆಟ್, ಒರೆಸಿಟ್ಟವನು ಆರ್ಲೋ. ಎರಡು ಗಂಟೆಯಲ್ಲಿ ಇಬ್ಬರ ನಡುವೆ ಹತ್ತು ಮಾತು ನಡೆಯಿತೋ ಇಲ್ಲವೋ.

ಮದುವೆ ಎಲ್ಲ ಮದುವೆಗಳು ನಡೆಯುವಂತೆಯೇ ನಡೆಯಿತು. ಬೆಳಿಗ್ಗೆ ಚರ್ಚಿನ ಹಿಂದಿನ ಕೋಣೆಯಲ್ಲಿ ಡೀನ್ ಮೂರು ಡಬ್ಬಿ ಕೊಟ್ಟ. ಟಲ್ಲಿ ತನ್ನದನ್ನು ತೆರೆದು ಸಿಳ್ಳೆ ಹಾಕಿದ. ನೆಲ್ಸ್ ಗ್ಯಾರೆಟ್‌ನ ಚಾಕು ನೋಡಿ, "ಇದೇನು, ರಸ್ತೆ ಕೆಲಸದವರ ಜಾಕೆಟ್ ಬಣ್ಣ?" ಎಂದು ನಕ್ಕ. ಗ್ಯಾರೆಟ್ ಅದನ್ನು ಕೋಟಿನ ಕೆಳಗೆ ಬೆಲ್ಟಿಗೆ ಸಿಕ್ಕಿಸಿಕೊಂಡೇ ತಮ್ಮನ ಪಕ್ಕ ನಿಂತ. ನೊರೀನ್ ಮೊದಲ ಸಾಲಿನಲ್ಲಿ ಕುಳಿತು ಪಾದ್ರಿಯ ಮಾತಿನ ನಡುವೆ ತೂಕಡಿಸಿದಳು. ಹಿಂದಿನ ದಿನ ಬೆಳಗಿನಿಂದ ಅವಳು ನೂರಿಪ್ಪತ್ತು ಜನರ ಅಡುಗೆಗೆ ನಿಂತಿದ್ದಳು.

ಬೇಟೆ ಶುರುವಾದ ಎರಡನೆಯ ದಿನ ಡೀನ್, ಗ್ಯಾರೆಟ್, ಆರ್ಲೋ ಮೂವರೂ ಬೆಟ್ಟ ಹತ್ತಿದರು. ಮೊಣಕಾಲೆತ್ತರದ ಹಿಮವಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಡೀನ್ ಒಂದು ಹೆಣ್ಣು ಎಲ್ಕನ್ನು ಹೊಡೆದ. ಇಳಿಜಾರಿನಲ್ಲಿ ಒಂದು ಬಿದ್ದ ಮರಕ್ಕೆ ಒರಗಿ ಅದು ಮಲಗಿತ್ತು. ಡೀನ್ ತನ್ನ ಚಾಕುವಿಗೆ ಕೈಹಾಕಿದ.

"ನಾನು ಮಾಡ್ತೀನಿ," ಎಂದ ಗ್ಯಾರೆಟ್.

"ನಾನೂರೈವತ್ತು ಪೌಂಡ್ ಇದೆ ಕಣೋ."

"ಗೊತ್ತು."

ಆರ್ಲೋ ಎಲ್ಕಿನ ಹಿಂಗಾಲು ಎತ್ತಿ ಹಿಡಿದುಕೊಂಡ. ಗ್ಯಾರೆಟ್ ಮೊಣಕಾಲೂರಿ ಕೂತು, ಮೊಂಡು ತೋಳಿನಿಂದ ಚರ್ಮ ಒತ್ತಿಹಿಡಿದು ಅಲಗು ಇಳಿಸಿದ. ಎಡಗೈಗೆ ಆ ಕೆಲಸ ಬರುತ್ತಿರಲಿಲ್ಲ. ಅಲಗು ಬೇಡದ ಕಡೆ ಹರಿಯುತ್ತಿತ್ತು, ಚರ್ಮ ಹರಿಯುತ್ತಿತ್ತು, ತೊಡೆಯ ಮಾಂಸದೊಳಗೆ ಗೀರು ಬೀಳುತ್ತಿತ್ತು. ಸಂದು ಸಿಗದೆ ಮೂಳೆಯ ಸುತ್ತ ಕೆದಕುತ್ತಿದ್ದ. ಎರಡು ಸಲ ಚಾಕು ಕೆಳಗಿಟ್ಟು ಬೆರಳುಗಳನ್ನು ಕಂಕುಳಲ್ಲಿ ಬಿಸಿ ಮಾಡಿಕೊಂಡ. ಮೊಂಡು ತೋಳಿನ ಚರ್ಮ ಒಡೆದು ಅವನದೇ ನೆತ್ತರು ಎಲ್ಕಿನ ನೆತ್ತರಿಗೆ ಬೆರೆಯಿತು. ಒಂದು ಸಲ ಮುಖ ಎತ್ತಿ ಕೆಟ್ಟದಾಗಿ ಬೈದ, ಯಾರಿಗೆಂದಿಲ್ಲ.

ಎರಡು ಕೈಯಿದ್ದವರು ಒಂದೂವರೆ ಗಂಟೆಯಲ್ಲಿ ಮುಗಿಸುವ ಕೆಲಸ. ನಾಲ್ಕು ಗಂಟೆ ಹಿಡಿಯಿತು. ಕಾಲು ಬಿಟ್ಟರೆ ಇನ್ನೊಂದು ಕಾಲು, ಆಮೇಲೆ ಮುಂಗಾಲು, ಆರ್ಲೋ ಹಿಡಿದುಕೊಂಡೇ ಇದ್ದ. ಅವನ ಬೆನ್ನು ಈಗ ನಿಜವಾಗಿಯೂ ನೋಯುತ್ತಿತ್ತು, ಹಲ್ಲು ಕಚ್ಚಿಕೊಂಡಿದ್ದ. ಡೀನ್ ಎರಡು ಸಲ ಅಪ್ಪನ ಮುಖ ನೋಡಿದ. ಇನ್ನೇನು ಆ ಚಾಕು ಕೊಡಿಲ್ಲಿ ಎನ್ನುತ್ತಾನೆ ಎಂದುಕೊಂಡ. ಆರ್ಲೋ ಹೇಳಲಿಲ್ಲ. ಅದನ್ನು ಹೇಳದೆ ಇರುವುದು ಕಾಲು ಹಿಡಿಯುವುದಕ್ಕಿಂತ ಕಷ್ಟದ್ದೆಂದು ಡೀನ್‌ಗೆ ಕಾಣುತ್ತಿತ್ತು.

ಮಾಂಸವನ್ನು ಚೀಲಗಳಿಗೆ ತುಂಬಿ, ಸರದಿಯಲ್ಲಿ ಹೊತ್ತು ಟ್ರಕ್ಕಿಗೆ ತಂದು ಹಾಕುವಾಗ ಮೂವರಿಗೂ ಮಾತಾಡುವಷ್ಟು ತ್ರಾಣವಿರಲಿಲ್ಲ. ಮನೆ ಮುಟ್ಟಿದಾಗ ಬಿಸಿಲು ಇಳಿಮುಖವಾಗಿತ್ತು. ನೊರೀನ್ ಶಾಲು ಹೊದ್ದು ಹೊರಗೆ ಬಂದಳು. ಟ್ರಕ್ಕಿನ ಹಿಂಬಾಗಿಲು ಇಳಿಸಿ, ಮೊದಲ ಚೀಲದ ಬಾಯಿ ಬಿಚ್ಚಿ ಹಿಂದೊಡೆಯನ್ನು ಬೆಳಕಿಗೆ ಹೊರಳಿಸಿದಳು.

"ಅಯ್ಯೋ, ಯಾರು ಕೊಯ್ದಿದ್ದು ಇದನ್ನ? ನಾಯಿ ಕಿತ್ತು ತಿಂದ ಹಾಗಿದೆ!"

"ನಾನು," ಎಂದ ಗ್ಯಾರೆಟ್.

ನೊರೀನ್‌ಳ ಬಾಯಿ ತೆರೆಯಿತು. ಆಸ್ಪತ್ರೆಯಿಂದ ಬಂದ ದಿನದಿಂದ ಅವಳು ಅವನು ಮಾಡಿದ್ದನ್ನೆಲ್ಲ ಹೊಗಳುತ್ತ ಬಂದಿದ್ದಳು. ಅಂಗಿ ಗುಂಡಿ ಹಾಕಿಕೊಂಡರೆ ಹೊಗಳುತ್ತಿದ್ದಳು, ಹಾಲು ಚೆಲ್ಲದೆ ಲೋಟಕ್ಕೆ ಸುರಿದರೆ ಹೊಗಳುತ್ತಿದ್ದಳು. ಈಗಲೂ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಹೊರಟಿದ್ದಾಳೆ ಎಂಬುದು ಗ್ಯಾರೆಟ್‌ಗೆ ಕಂಡಿತು.

"ಬೈಯಮ್ಮ," ಎಂದ. "ನಿಲ್ಲಿಸ್ಬೇಡ."

ಅವಳು ಅವನ ಮುಖ ನೋಡಿದಳು. ರೆಪ್ಪೆಯ ಮೇಲೆ ಒಣಗಿದ ನೆತ್ತರು, ಚಳಿಗೆ ನೀಲಿಯಾದ ತುಟಿ.

"ಒಳ್ಳೇ ತೊಡೆ ಮಾಂಸನೆಲ್ಲ ಹಾಳು ಮಾಡಿದೀಯ," ಎಂದಳು. ದನಿ ಮೊದಲು ನಡುಗಿತು, ಆಮೇಲೆ ಗಟ್ಟಿಯಾಯಿತು. "ಅರ್ಧ ಕೈಮಾಕ್ಕೇ ಹೋಗ್ಬೇಕು. ಮಾಂಸದ ತುಂಬ ಕೂದಲು ಮೆತ್ತಿಸಿ ತಂದಿದೀಯ, ಇದನ್ನೆಲ್ಲ ಯಾರು ಆರಿಸ್ತಾರೆ? ಮುಂದಿನ ಸಲ ಹೋಗೋ ಮುಂಚೆ ಅಜ್ಜೀನ ಕೇಳ್ಕೊಂಡು ಹೋಗು. ಏನು ನೋಡ್ತಾ ನಿಂತಿದೀಯ? ಆ ಕಡೆ ಹಿಡ್ಕೊ."

ಡೀನ್ ಮುಂದೆ ಬಂದ. "ನಾನು ಹಿಡೀತೀನಮ್ಮ."

"ನಿನ್ನ ಕೇಳ್ಲಿಲ್ಲ. ನೀನು ಒಳಗೆ ಹೋಗಿ ಅಪ್ಪನ ಬೂಟು ಬಿಚ್ಚು, ಅವನ ಕೈಲಿ ಬಗ್ಗೋಕಾಗ್ತಿಲ್ಲ."

ಗ್ಯಾರೆಟ್ ತೊಡೆಯ ತುದಿಯನ್ನು ಎಡಗೈಯಲ್ಲಿ ಹಿಡಿದು, ಕೆಳಗೆ ಮೊಂಡು ತೋಳು ಕೊಟ್ಟ. ಇನ್ನೊಂದು ತುದಿಯನ್ನು ನೊರೀನ್ ಹಿಡಿದಳು. ಅದು ಭಾರವಾಗಿತ್ತು. ಶೆಡ್ಡಿನ ಮೆಟ್ಟಿಲ ಬಳಿ ಇಬ್ಬರೂ ಒಮ್ಮೆ ಕೆಳಗಿಳಿಸಿ, ಉಸಿರು ತೆಗೆದುಕೊಂಡು, ಮತ್ತೆ ಎತ್ತಿದರು.